ಗೇರುಗುಡ್ಡೆಯಲ್ಲಿ ಚಗಳಿ ನಿಲ್ಲಿಸಿದ ಬಗೆ

ಚಗಳಿ ಎಂದರೆ ಎಲೆ ಹೊಲಿದು ಮರದಲ್ಲಿ ಗೂಡು ಕಟ್ಟುವ ಕೆಂಪಿರುವೆ. ಇರುವೆ ನಂಬಿ ಗೇರು ಬೆಳೆಯಲಿಕ್ಕಾಗುತ್ತದೆಯೇ ಎಂದವರೇ ಈಗ ಗೂಡು ಕೇಳಿಕೊಂಡು ಬರುತ್ತಿದ್ದಾರೆ. ಬದಿಯಡ್ಕ ಕಡೆಯ ನಮ್ಮ ಗುಡ್ಡೆಯಲ್ಲಿ ಟೀ ಸೊಳ್ಳೆಗೆ (ಗೇರಿನ ಚಿಗುರು, ಹೂವಿನ ರಸ ಹೀರುವ ತಿಗಣೆ) ಮದ್ದು ಬಿಡುವುದು ನಿಂತು ಕೆಲವು ವರ್ಷವಾಯಿತು, ಅದನ್ನು ಚಗಳಿಯೇ ನೋಡಿಕೊಳ್ಳುತ್ತದೆ. ಕಾಸರಗೋಡಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದೂ ಇದೇ ಸೊಳ್ಳೆಗಾಗಿ. ಆ ಮದ್ದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು, ಸೊಳ್ಳೆ ಹೋಗಲಿಲ್ಲ.

'ಚಗಳಿ ತಂದು ಬಿಟ್ಟೆ, ಎರಡೇ ತಿಂಗಳಲ್ಲಿ ಖಾಲಿ' ಎನ್ನುವವರು ತಂದದ್ದು ಬಿಡಿಗೂಡು. ಒಂದು ಸಂಸಾರಕ್ಕೆ ಹತ್ತಾರು ಗೂಡು, ನಾಲ್ಕಾರು ಮರ, ಸಾಮಾನ್ಯವಾಗಿ ರಾಣಿ ಒಬ್ಬಳೇ. ಅವಳು ಬಾರದಿದ್ದರೆ ಹೊಸ ಕೆಲಸಗಾರರು ಹುಟ್ಟುವುದಿಲ್ಲ. ಈ ಮರದ ನಾಲ್ಕು ಇರುವೆ ಪಕ್ಕದ ಮರಕ್ಕೆ ಬಿಡಿ. ಮೀಸೆ ತಾಗಿಸಿ ಮುಂದೆ ಹೋದರೆ ಒಂದೇ ಮನೆಯವು, ಕಾಲು ಹಿಡಿದು ಎಳೆದಾಡಿದರೆ ಬೇರೆ. ಒಂದೇ ಮನೆಯ ಅಷ್ಟೂ ಗೂಡು ಇಳಿಸಬೇಕು. ರಾಣಿಯಿರುವ ಗೂಡನ್ನು ಹೊರಗಿನಿಂದಲೇ ಗುರುತಿಸುವ ಉಪಾಯ ನನ್ನಲ್ಲಿದೆ, ಅದು ತೋಟಕ್ಕೆ ಬಂದವರಿಗೆ ಮಾತ್ರ.

ಮಳೆ ಬಿಟ್ಟು ಚಿಗುರು ಬರುವ ಮೊದಲು, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಯಬೇಕು. ಗೆಲ್ಲು ಸಮೇತ ಕತ್ತರಿಸಿ ಬಟ್ಟೆಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತಾವೇ ಚಿಮ್ಮಿಸಿದ ಆಮ್ಲದ ಘಾಟಿಗೆ ಸಾಯುತ್ತವೆ. ಹೊಸ ಮರದ ನೆರಳಿನ ಕವಲಿಗೆ ಕಟ್ಟಿ, ಮೊದಲ ವಾರ ಗೆರಟೆಯಲ್ಲಿ ಸಕ್ಕರೆನೀರು, ಒಣಮೀನಿನ ತಲೆ ಇಡಬೇಕು.

ಗೆಲ್ಲುಗೆಲ್ಲು ತಾಗದ ಕಡೆ ಇರುವೆ ಮರದಿಂದ ಮರಕ್ಕೆ ದಾಟಲು ಹಗ್ಗ ಬೇಕು. ತೆಂಗಿನನಾರಿನ ಹಗ್ಗ ಒಂದೇ ಮಳೆಗಾಲಕ್ಕೆ ಕೊಳೆಯಿತು, ಆ ದುಡ್ಡು ದಂಡ. ಈಗ 4 ಮಿ.ಮೀ. ಪ್ಲಾಸ್ಟಿಕ್ ಹಗ್ಗ, ಎಕರೆಗೆ ಎರಡು ಸಾವಿರದ ಆಸುಪಾಸು. ಮೂರು ಸಲ ಮದ್ದು ಬಿಡಲು ಆಳಿನ ಸಂಬಳ ಸೇರಿ ವರ್ಷವೂ ಆರೇಳು ಸಾವಿರ ಹೋಗುತ್ತಿತ್ತು. ಮರಕ್ಕೆ ಮೂರು ಕಿಲೋ ಸಿಗುತ್ತಿದ್ದಲ್ಲಿ ಈಗ ಐದರ ಹತ್ತಿರ ಬೀಜ. ಎರಡು ಸಂಸಾರಗಳ ನಡುವೆ ಮಾತ್ರ ಒಂದು ಸಾಲು ಮರ ಖಾಲಿ ಬಿಡಲೇಬೇಕು, ಅಲ್ಲಿ ಹಗ್ಗ ಕಟ್ಟಿದರೆ ಯುದ್ಧದಲ್ಲಿ ಎರಡೂ ಸೊರಗುತ್ತವೆ.

ಗಿಡದ ರಸ ಹೀರುವ ಬಿಳಿ ಹಿಟ್ಟುತಿಗಣೆಯನ್ನು ಚಗಳಿ ಅದು ಒಸರುವ ಸಿಹಿಗಾಗಿ ಸಾಕುತ್ತದೆ, ಇದು ನಿಜವಾದ ತೊಂದರೆ. ಬಿಳಿ ಕಂಡ ತುದಿಯನ್ನಷ್ಟೇ ಚಿವುಟಿ ಸುಡುತ್ತೇನೆ. ಬೀಜ ಹೆಕ್ಕುವುದು ನೆಲದಿಂದಲಾದ್ದರಿಂದ ಕಡಿತದ ದೂರು ಕಡಿಮೆ, ಕೈಕಾಲಿಗೆ ಬೂದಿ ಸಾಕು. ಕಾಳುಮೆಣಸಿನ ಬಳ್ಳಿಯಿದ್ದ ಮರಕ್ಕೆ ಮಾತ್ರ ಆಳು ಹತ್ತುವುದಿಲ್ಲ.

ದೊಡ್ಡ ಕಪ್ಪಿರುವೆ ಗೊದ್ದವನ್ನೂ ಪರೀಕ್ಷಿಸಿದ್ದೇನೆ. ಹೂವಿನ ಸಿಹಿಗೆ ಸಾಲುಗಟ್ಟುತ್ತದೆ, ಸೊಳ್ಳೆಯ ಗೊಡವೆಗೆ ಹೋಗುವುದಿಲ್ಲ. ಆದರೂ ಅದರ ಗೂಡಿಗೆಂದು ಬೇಲಿಬದಿಯ ಒಣಮರ ಕಡಿಯದೆ ಬಿಟ್ಟಿದ್ದೇನೆ.

ಮಳೆಗೆ ಮುಂಚೆ ಗೂಡಿನಲ್ಲಿ ಹಸಿರು ಮೈಯ, ರೆಕ್ಕೆಯ ಮರಿರಾಣಿಯರಿರುತ್ತಾರೆ, ಆಗ ಗೂಡು ಇಳಿಸಬಾರದು. ಕರೆಂಟು ತಂತಿಯಡಿ ಗೆಲ್ಲು ಕಡಿಯುವಾಗ ಬೀಳುವ ಗೂಡು ಬೇರೆ ಮಾತು. ಹೇಗೂ ಸಾಯುವಂಥವು, ಅವತ್ತೇ ಚೀಲ ಹಿಡಿದು ಹೋಗಿ.