ಕೆಲಸವಿಲ್ಲದೆ ಮೈಸೂರಿಗೆ: ಕೊಡಗಿನ ಗಂಡ ಹೆಂಡತಿಗೆ ಎರಡು ದಿನದ ದಾರಿ

ಕೊಡಗಿನವರಿಗೆ ಮೈಸೂರು ಪ್ರವಾಸದ ಊರಲ್ಲ. ಆಸ್ಪತ್ರೆ, ಮಕ್ಕಳ ಕಾಲೇಜು, ಮದುವೆ ಜವಳಿ, ಪಂಪ್‌ಸೆಟ್ಟಿನ ಬಿಡಿಭಾಗ, ಹೀಗೆ ಏನಾದರೊಂದು ಹಿಡಿದುಕೊಂಡೇ ಹೋಗುತ್ತೇವೆ, ಮುಗಿದ ಕೂಡಲೇ ಬಸ್ ಹತ್ತುತ್ತೇವೆ. ಅರಮನೆಯ ಒಳಗೆ ಕಾಲಿಟ್ಟದ್ದು ಶಾಲೆಯ ಟ್ರಿಪ್ಪಿನಲ್ಲಿ, ಟೀಚರ್ ಬೈಯುವುದರ ನಡುವೆ. ಮದುವೆಯ ದಿನದ ನೆಪದಲ್ಲಿ ಇಬ್ಬರೇ ಎಲ್ಲಿಗಾದರೂ ಹೋಗಿಬರಬೇಕು ಎಂದಿದ್ದರೆ ಊಟಿ, ಗೋವಾ ಎಂದು ತಲೆ ಕೆಡಿಸಿಕೊಳ್ಳಬೇಡಿ. ಮೈಸೂರಿಗೇ ಹೋಗಿ, ಆದರೆ ಒಂದೂ ಕೆಲಸ ಇಟ್ಟುಕೊಳ್ಳದೆ ಹೋಗಿ. ಇದು ಕೇಳಲು ಸುಲಭ, ಮಾಡಲು ತಯಾರಿ ಬೇಕು.

ಮೊದಲ ತಯಾರಿ ಬಾಯಿ ಮುಚ್ಚಿಕೊಂಡಿರುವುದು. "ಮೈಸೂರಿಗೆ ಹೋಗ್ತಿದ್ದೇವೆ" ಎಂದು ಒಬ್ಬರಿಗೆ ಹೇಳಿದರೆ ಸಾಕು, ಅತ್ತೆಯ ಮಾತ್ರೆ ಚೀಟಿ, ಪಕ್ಕದ ತೋಟದವರ ಕೆಟ್ಟ ಮಿಕ್ಸಿ, ಹಾಸ್ಟೆಲಿನಲ್ಲಿರುವ ಯಾರದೋ ಮಗನಿಗೆ ಪಂದಿಕರಿ ಡಬ್ಬ, ಎಲ್ಲ ಸಂಜೆಯೊಳಗೆ ಜಗಲಿಗೆ ಬಂದು ಕೂರುತ್ತವೆ. ನಾಯಿಗೆ ಅನ್ನ ಹಾಕುವವರಿಗೆ ಮಾತ್ರ ಹೇಳಿ. ಎರಡನೆಯದು, ಸ್ವಂತ ಗಾಡಿ ಬೇಡ. ಜೀಪಿನಲ್ಲಿ ಹೋದರೆ ಬರುವಾಗ ಹಿಂದಿನ ಸೀಟಿನಲ್ಲಿ ಗೊಬ್ಬರವೋ ಪೈಪೋ ಇದ್ದೇ ಇರುತ್ತದೆ. ನಮ್ಮ ಯಜಮಾನರಿಗಂತೂ ಖಾಲಿ ಗಾಡಿ ಓಡಿಸಿದರೆ ಡೀಸೆಲ್ ದಂಡ ಅನಿಸುತ್ತದೆ. ಬಸ್ಸಿಗೆ ಹೋಗಿ. ಹೆಂಗಸರು ಆಧಾರ್ ಮರೆಯಬೇಡಿ, ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಟಿಕೆಟ್ ಕೊಳ್ಳುವವರು ಯಜಮಾನರೊಬ್ಬರೇ.

ಮದುವೆಯಾದ ತಾರೀಖಿಗೇ ಹೋಗಬೇಕೆಂಬ ಹಟ ಬೇಡ. ಡಿಸೆಂಬರಿನಿಂದ ಕೊಯ್ಲು, ಕಣದಲ್ಲಿ ಕಾಫಿ ಹರಡಿರುತ್ತದೆ. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕು, ಇಲ್ಲವೆಂದರೆ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತ ಕೂರಬೇಕು. ಜುಲೈ, ಆಗಸ್ಟಿನ ಮಳೆಗೆ ಯಾವ ಮರ ಯಾವ ಕರೆಂಟ್ ಲೈನಿನ ಮೇಲೆ ಬೀಳುತ್ತದೋ ಹೇಳಲಾಗದು. ದಸರಾ ಹೊತ್ತಿನಲ್ಲಿ ರೂಮಿನ ಬಾಡಿಗೆ ಕೇಳಿದರೆ ಅರ್ಧ ಉತ್ಸಾಹ ಇಳಿಯುತ್ತದೆ. ಉಳಿಯುವುದು ಏಪ್ರಿಲ್ ಕೊನೆ, ಇಲ್ಲವೇ ನವೆಂಬರ್. ನವೆಂಬರೇ ಮೇಲು, ಬಿಸಿಲು ಹಿತವಾಗಿರುತ್ತದೆ.

ವಾರದಲ್ಲಿ ಯಾವ ದಿನ ಎಂಬುದರಲ್ಲಿ ಮಾತ್ರ ರಾಜಿ ಬೇಡ: ಭಾನುವಾರ ಹೋಗಿ ಸೋಮವಾರ ಬನ್ನಿ. ಭಾನುವಾರ ತೋಟದಲ್ಲಿ ಆಳುಗಳಿಗೂ ರಜೆ. ಅರಮನೆಯ ದೀಪ ಪೂರ್ತಿ ಹೊತ್ತು ಉರಿಯುವುದೂ ಭಾನುವಾರ ಮತ್ತು ಸರ್ಕಾರಿ ರಜೆಗಳ ಸಂಜೆಯಲ್ಲೇ. ಮಂಗಳವಾರ ಮೃಗಾಲಯಕ್ಕೆ ರಜೆ, ಆ ದಿನವಂತೂ ಬೇಡ.

ಗೋಣಿಕೊಪ್ಪ ಬಿಟ್ಟು ತಿತಿಮತಿ ದಾಟಿದರೆ ಕಾಡು. ಎಡ ಬಲ ನೋಡುತ್ತ ಹೋಗಿ, ಮತ್ತಿಗೋಡಿನ ಆನೆ ಶಿಬಿರ ಇದೇ ದಾರಿಯಲ್ಲಿದೆ. 2020ರಿಂದ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತ ಅಭಿಮನ್ಯು ಅಲ್ಲಿಯವನೇ. ಆನೆಯೂ ನಮ್ಮ ಕಡೆಯಿಂದ ಮೈಸೂರಿಗೆ ಹೋಗುವುದು ಕೆಲಸಕ್ಕೇ ನೋಡಿ.

ರೂಮು ಸಬರ್ಬನ್ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲೇ ಮಾಡಿ, ಅರಮನೆಗೆ ನಡೆದೇ ಹೋಗಬಹುದು. ಅಕ್ಕನ ಮನೆ ಕುವೆಂಪುನಗರದಲ್ಲಿದೆ, ಸುಮ್ಮನೆ ಯಾಕೆ ದುಡ್ಡು ಎಂದು ಯೋಚಿಸಿದಿರೋ, ಮುಗಿಯಿತು. ರಾತ್ರಿ ಹನ್ನೊಂದರವರೆಗೆ ಆಸ್ತಿ ಪಾಲಿನ ಮಾತು, ಬೆಳಿಗ್ಗೆ ಬಾವನ ಜೊತೆ ಸೈಟ್ ನೋಡಲು ಹೋಗುವುದು. ಕೊಡವ ಸಮಾಜದ ಕಡೆಗೂ ಸುಳಿಯಬೇಡಿ, ಯಾರದೋ ಮದುವೆ ಇರುತ್ತದೆ, ಕೈ ಹಿಡಿದು ಊಟಕ್ಕೆ ಕೂರಿಸುತ್ತಾರೆ.

ಮಧ್ಯಾಹ್ನ ಮಂಡಿ ಮೊಹಲ್ಲಾ ಕಡೆ ಹನುಮಂತು ಪಲಾವ್. ಮನೆಯಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು, ಶಾವಿಗೆಯಂಥ ನೂಪುಟ್ಟು ತಿನ್ನುವವರಿಗೆ ಆ ಮಟನ್ ಪಲಾವಿನ ರುಚಿ ಬೇರೆಯೇ. ಉಂಡು ಒಂದು ಗಳಿಗೆ ಮಲಗಿ. ಮೈಸೂರಿನಲ್ಲಿ ಮಧ್ಯಾಹ್ನ ಮಲಗುವುದು ಎಷ್ಟು ದೊಡ್ಡ ಸುಖ ಎಂದು ಅಲ್ಲಿ ಬರೀ ಕ್ಯೂ ನಿಂತು ಗೊತ್ತಿರುವವರಿಗೇ ಅರ್ಥವಾಗುತ್ತದೆ.

ಮೂರು ಗಂಟೆಗೆ ಅರಮನೆ. ಒಳಗೆ ಬಿಡುವುದು ಐದೂವರೆವರೆಗೆ. ಗೈಡ್ ಬೇಡ, ಆದರೆ ಒಂದು ಕಥೆ ತಿಳಿದುಕೊಂಡು ಹೋಗಿ. ಇಲ್ಲಿ ಮೊದಲಿದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಅದು ಸುಟ್ಟುಹೋಯಿತು. ಈಗ ಕಾಣುವುದು ಹೆನ್ರಿ ಇರ್ವಿನ್ ನಕ್ಷೆ ಹಾಕಿದ, 1912ರಲ್ಲಿ ಮುಗಿದ ಕಟ್ಟಡ. ಮದುವೆಯಲ್ಲಿ ಮನೆಯನ್ನೇ ಕಳೆದುಕೊಂಡವರು ಹೊಸ ಮನೆಯಲ್ಲಿ ಎಲ್ಲಕ್ಕಿಂತ ಚಂದ ಮಾಡಿಸಿದ್ದು ಕಲ್ಯಾಣ ಮಂಟಪವನ್ನು, ಅದು ನನಗೆ ಬಹಳ ಹಿಡಿಸಿತು. ಎಂಟು ಮೂಲೆಯ ಹಜಾರ, ಕಬ್ಬಿಣದ ಕಂಬಗಳು, ತಲೆಯ ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜು. ಕಂಬವೂ ಗಾಜೂ ಗ್ಲಾಸ್ಗೋದಿಂದ ಬಂದವು. ಜನ ಮುಂದಕ್ಕೆ ತಳ್ಳುತ್ತಾರೆ, ನೀವು ಒಂದು ಕಂಬದ ಪಕ್ಕ ಸರಿದು ನಿಂತುಬಿಡಿ. ಮದುವೆಯ ದಿನವೆಂದು ಬಂದವರು ಬೇರೆ ಕೋಣೆಗಳನ್ನು ಬೇಗ ಮುಗಿಸಿದರೂ ಪರವಾಗಿಲ್ಲ, ಇಲ್ಲಿ ಕುತ್ತಿಗೆ ನೋಯುವವರೆಗೆ ನೋಡಿ. ಚಪ್ಪಲಿ ಹೊರಗೆ ಬಿಡಬೇಕು, ಕಳಚಲು ಸುಲಭವಾದದ್ದನ್ನೇ ಹಾಕಿಕೊಂಡು ಹೋಗಿ.

ಹೊರಗೆ ಬಂದು ದೂರ ಹೋಗಬೇಡಿ. ಏಳು ಗಂಟೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತುತ್ತವೆ. ಫೋಟೋದಲ್ಲಿ ಸಾವಿರ ಸಲ ನೋಡಿದ್ದರೂ ಎದುರಿಗೆ ನಿಂತಾಗ ಬಾಯಿಂದ "ಹೋ" ಎಂದು ಬರುತ್ತದೆ. ನಮ್ಮವರು ಮಾತ್ರ ಕರೆಂಟ್ ಬಿಲ್ ಎಷ್ಟಾಗಬಹುದು ಎಂದರು. ನಾಟಕದ ಹುಚ್ಚಿದ್ದವರಿಗೆ ಇನ್ನೊಂದು ದಾರಿಯಿದೆ: 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ಭಾನುವಾರ ಸಂಜೆ ಸಾಮಾನ್ಯವಾಗಿ ನಾಟಕ ಇರುತ್ತದೆ. ಎರಡೂ ಆಗುವುದಿಲ್ಲ, ಮೊದಲೇ ತೀರ್ಮಾನಿಸಿಕೊಳ್ಳಿ. ದೀಪ ನೋಡಿದ ಮೇಲೆ ಟಾಂಗಾ ಹತ್ತಿ ಒಂದು ಸುತ್ತು ಹೋಗಿ, ಹತ್ತುವ ಮೊದಲೇ ಬಾಡಿಗೆ ಮಾತಾಡಿ.

ಸೋಮವಾರ ಬೇಗ ಎದ್ದು 201 ನಂಬರ್ ಬಸ್ಸಿನಲ್ಲಿ ಚಾಮುಂಡಿ ಬೆಟ್ಟ. ಹತ್ತುವುದು ಬಸ್ಸಿನಲ್ಲಿ, ಇಳಿಯುವುದು ಮೆಟ್ಟಿಲಲ್ಲಿ. ಇದೇ ಸರಿಯಾದ ಕ್ರಮ. ಸುಮಾರು ಸಾವಿರ ಮೆಟ್ಟಿಲು, ಏಲಕ್ಕಿ ತೋಟದ ಇಳಿಜಾರಿನಲ್ಲಿ ಓಡಾಡಿದ ಕಾಲಿಗೆ ಅದೇನು ಮಹಾ. ಇಳಿಯುವಾಗ ದೊಡ್ಡದೇವರಾಜ ಒಡೆಯರ ಕಾಲದ ನಂದಿ ಸಿಗುತ್ತದೆ, ಒಂದೇ ಬಂಡೆಯಲ್ಲಿ ಕಡೆದದ್ದು; ಕುತ್ತಿಗೆಯ ಗಂಟೆಸರವನ್ನು ಸರಿಯಾಗಿ ನೋಡಿ. ಮೊಣಕಾಲು ನೋವಿದ್ದವರು ಬೆಟ್ಟ ಬಿಟ್ಟು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಲಿ, ಹೆಜ್ಜಾರ್ಲೆ ಹಕ್ಕಿಗಳಿರುತ್ತವೆ. ಆಮೇಲೆ ನಜರಬಾದಿನಲ್ಲಿ ಮೈಲಾರಿ ದೋಸೆ. ಇಲ್ಲಿ ಒಂದು ಎಚ್ಚರಿಕೆ: ಕಾಫಿ ಬೆಳೆಗಾರರು ಹೋಟೆಲಿನಲ್ಲಿ "ಚಿಕೋರಿ ಎಷ್ಟು ಹಾಕ್ತೀರಿ?" ಎಂದು ಕೇಳಬಾರದು, ಕಾಫಿ ರೇಟಿನ ಮಾತು ಎತ್ತಬಾರದು. ಕೊಟ್ಟದ್ದನ್ನು ಕುಡಿದು ಎದ್ದುಬನ್ನಿ.

ಶ್ರೀರಂಗಪಟ್ಟಣ ಹತ್ತಿರವೇ ಇದೆ ಎಂದು ಯಾರಾದರೂ ಹೇಳಿಯಾರು. ಇನ್ನೊಮ್ಮೆ ಹೋಗಿ. ಟಿಪ್ಪುವಿನ ಹೆಸರು ಬಂದರೆ ನಮ್ಮ ಕಡೆ ಮಾತು ಬೇಗ ಮುಗಿಯುವುದಿಲ್ಲ, ಮದುವೆಯ ದಿನಕ್ಕೆ ಅದು ಬೇಡ.

ಉಳಿದ ಹೊತ್ತಿಗೆ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು, ಭಾನುವಾರ ಬಾಗಿಲು ಹಾಕಿರುತ್ತದೆ. ಸೀರೆ ಕೊಳ್ಳುವುದೂ ಕೆಲಸವೇ ತಾನೇ ಎಂದು ಕೇಳಬಹುದು. ಸೊಸೆಗೆ, ನಾದಿನಿಗೆ ಕೊಂಡರೆ ಕೆಲಸ, ನಿಮಗೇ ಕೊಂಡರೆ ಅಲ್ಲ. ನೆರಿಗೆ ಹಿಂದಕ್ಕೆ ಬಿಟ್ಟು ಉಡುವ ನಮಗೆ ಮೈಸೂರು ಕ್ರೇಪಿನಷ್ಟು ಚೆನ್ನಾಗಿ ಬೀಳುವ ಸೀರೆ ಇನ್ನೊಂದಿಲ್ಲ. ಅಲ್ಲಿಂದ ದೇವರಾಜ ಮಾರುಕಟ್ಟೆಗೆ ಬಂದು ಹೂವಿನ ಸಾಲಿನಲ್ಲಿ ಒಂದು ಮೊಳ ಮಲ್ಲಿಗೆ ಯಜಮಾನರ ಕೈಯಲ್ಲೇ ಕೊಡಿಸಿಕೊಳ್ಳಿ, ಚೌಕಾಸಿ ಮಾಡಲು ಬಿಡಬೇಡಿ.

ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸಿನಲ್ಲಿ ಮೈಸೂರ್ ಪಾಕ್ ಕಟ್ಟಿಸುವುದಾದರೆ ನಾಯಿಗೆ ಅನ್ನ ಹಾಕಿದವರಿಗೆ ಒಂದು ಕಾಲು ಕಿಲೋ ಬೇರೆಯಾಗಿ ಕಟ್ಟಿಸಿ. ಮಧ್ಯಾಹ್ನ ಎರಡು ಗಂಟೆಯೊಳಗೆ ಬಸ್ ಹಿಡಿಯಿರಿ. ಕತ್ತಲಾದ ಮೇಲೆ ಆನೆಚೌಕೂರಿನ ಕಾಡಿನಲ್ಲಿ ಆನೆ ರಸ್ತೆಗೆ ಅಡ್ಡ ನಿಂತರೆ ಬಸ್ಸೂ ನಿಲ್ಲಬೇಕಾಗುತ್ತದೆ.