ಹೆಗಲು ನೋಯುತ್ತೆ ಅಂದ ಹುಡುಗ

ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ, ಐಮಂಗಲದ ಹತ್ತಿರ, ರಾತ್ರಿ ನಿಂತಿದ್ದ ಲಾರಿಗೆ ಹಿಂದಿನಿಂದ ಬೈಕ್ ಗುದ್ದಿತ್ತು. ನಾನು 108 ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ಆಸ್ಪತ್ರೆ ಮುಟ್ಟುವ ತನಕ ತುರ್ತು ಚಿಕಿತ್ಸೆ ಕೊಡುವವನು. ನಾವು ಹೋಗುವಷ್ಟರಲ್ಲಿ ಡಾಬಾದವರು, ಲಾರಿಯವರು ಎಲ್ಲ ಸೇರಿದ್ದರು, ಎಲ್ಲರೂ ಒಬ್ಬನ ಸುತ್ತಲೇ. ಅವನ ಮುಂಗೈ ಮೂಳೆ ಮುರಿದು ಹೊರಗೆ ಬಂದಿತ್ತು. ಮುಖದ ತುಂಬಾ ರಕ್ತ, ಅಮ್ಮಾ ಅಂತ ಕಿರುಚುತ್ತಿದ್ದ. ಬೈಕ್ ಓಡಿಸುತ್ತಿದ್ದವನು ರಸ್ತೆ ಬದಿಯಲ್ಲಿ ಸುಮ್ನೆ ಕೂತಿದ್ದ. "ನನಗೇನೂ ಆಗಿಲ್ಲಣ್ಣ, ಅವನನ್ನ ನೋಡಿ. ಹೆಗಲು ಸ್ವಲ್ಪ ನೋಯುತ್ತೆ, ಅಷ್ಟೇ" ಅಂದ.

ಕಿರುಚುತ್ತಿದ್ದಾನೆ ಅಂದರೆ ಉಸಿರು ಆಡುತ್ತಿದೆ ಅಂತ ಗೊತ್ತಾಗುತ್ತದಲ್ವಾ. ಗಾಯಕ್ಕೆ ಯಾರೋ ಆಗಲೇ ಕಾಫಿ ಪುಡಿ ಮೆತ್ತಿದ್ದರು (ದಯವಿಟ್ಟು ಹಾಗೆ ಮಾಡಬೇಡಿ, ಶುದ್ಧವಾದ ಬಟ್ಟೆ ಒತ್ತಿ ಹಿಡಿದರೆ ಸಾಕು). ಹೊರಬಂದ ಮೂಳೆಯನ್ನು ಒಳಗೆ ತಳ್ಳಲಿಲ್ಲ. ಮೇಲೆ ಒದ್ದೆ ಬ್ಯಾಂಡೇಜ್ ಬಟ್ಟೆ ಹಾಕಿ, ಕೈ ಇದ್ದ ಹಾಗೇ, ಅಲ್ಲಾಡದಂತೆ ಆಸರೆ ಪಟ್ಟಿ (ಸ್ಪ್ಲಿಂಟ್) ಕಟ್ಟಿದೆ, ಬೆರಳಿಗೆ ರಕ್ತ ಓಡುತ್ತಿದೆಯಾ ಅಂತ ನೋಡಿ ನಮ್ಮ ಗಾಡಿ ಓಡಿಸುವ ಪೈಲಟ್‌ಗೆ ಒಪ್ಪಿಸಿದೆ.

ಆಮೇಲೆ ಕೂತಿದ್ದವನ ಮಣಿಕಟ್ಟು ಹಿಡಿದೆ. ಕೈ ತಣ್ಣಗೆ, ಬೆವರು. ನಾಡಿ 128. ಬಿಪಿ 110ಕ್ಕೆ 90. ಬರೀ 110 ನೋಡಿದರೆ ಸರಿಯಾಗೇ ಇದೆ ಅನಿಸುತ್ತದೆ, ಆದರೆ ಮೇಲಿನ ಅಂಕಿಗೂ ಕೆಳಗಿನದಕ್ಕೂ ಸುಮಾರು 40 ಅಂತರ ಇರಬೇಕು, ಇವನಿಗೆ 20 ಇತ್ತು. ವಯಸ್ಸಿನ ಹುಡುಗರ ಮೈ ರಕ್ತನಾಳಗಳನ್ನು ಬಿಗಿ ಮಾಡಿಕೊಂಡು ಬಿಪಿಯನ್ನು ತುಂಬಾ ಹೊತ್ತು ಹಿಡಿದಿಡುತ್ತದೆ, ಕಾಲು ಭಾಗ ರಕ್ತ ಹೋದರೂ ಮೇಲಿನ ಅಂಕಿ ಬೀಳದೇ ಇರಬಹುದು, ಬಿದ್ದರೆ ಮಾತ್ರ ಒಮ್ಮೆಲೇ ಬೀಳುತ್ತದೆ.

ನೋಯುತ್ತಿದ್ದದ್ದು ಎಡ ಹೆಗಲು. ಒತ್ತಿದೆ, ನೋವಿಲ್ಲ. ಕೈ ಎತ್ತಿಸಿದೆ, ಸಲೀಸಾಗಿ ಎತ್ತಿದ. ತಲೆ, ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದು ಮಲಗಿಸಿದ ಕೂಡಲೇ ಹೆಗಲು ನೋವು ಜಾಸ್ತಿ ಆಯಿತು. ಅಂಗಿ ಎತ್ತಿದರೆ ಎಡಗಡೆ ಕೆಳಗಿನ ಪಕ್ಕೆಲುಬುಗಳ ಮೇಲೆ ಹ್ಯಾಂಡಲ್ ತುದಿಯ ದುಂಡನೆ ಗುರುತು. ಆ ಪಕ್ಕೆಲುಬುಗಳ ಹಿಂದೇನೇ ಇರೋದು ಗುಲ್ಮ ಅನ್ನೋ ಹೊಟ್ಟೆಯೊಳಗಿನ ಅಂಗ, ನಾವು ಸ್ಪ್ಲೀನ್ ಅಂತೀವಿ. ಅದು ಹರಿದು ರಕ್ತ ಸೋರಿ ಮೇಲಿನ ವಪೆಗೆ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆಗೆ) ತಾಗಿದರೆ ನೋವು ಹೆಗಲಲ್ಲಿ ಕಾಣಿಸುತ್ತದೆ, ಎರಡಕ್ಕೂ ಕುತ್ತಿಗೆಯಿಂದಲೇ ನರ ಬರುವುದರಿಂದ. ಒಳಗೆ ಸೋರುವ ರಕ್ತವನ್ನು ರಸ್ತೆಯಲ್ಲಿ ನಿಲ್ಲಿಸಲು ನನ್ನ ಕೈಲಿ ಏನೂ ಇಲ್ಲ. ಅವನಿಗೆ ಬೇಕಾಗಿದ್ದದ್ದು ಸರ್ಜನ್.

ಹತ್ತು ನಿಮಿಷದೊಳಗೆ ಇಬ್ಬರನ್ನೂ ಹತ್ತಿಸಿಕೊಂಡು ಹೊರಟೆವು. ಆಕ್ಸಿಜನ್ ಹಾಕಿದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕಡಿಮೆ ಆಗುತ್ತದೆ, ಅದಕ್ಕೆ ಕಂಬಳಿ ಹೊದಿಸಿದೆ. ಐವಿ ಲೈನ್ ಹಾಕಿದ್ದು ಗಾಡಿ ಓಡುವಾಗಲೇ. ಸಲೈನ್ ಜಾಸ್ತಿ ಬಿಡಲಿಲ್ಲ, ಅದು ಇರುವ ರಕ್ತವನ್ನು ತೆಳು ಮಾಡಿ ಸೋರುವುದನ್ನು ಹೆಚ್ಚಿಸುತ್ತದೆ. ನೀರು ನೀರು ಅಂತ ಕೇಳುತ್ತಿದ್ದ. ಕೊಡಲಿಲ್ಲ, ತುಟಿ ಒದ್ದೆ ಮಾಡಿದೆ ಅಷ್ಟೇ. ಆಸ್ಪತ್ರೆಗೆ ಫೋನ್ ಮಾಡಿ ಹೊಟ್ಟೆಯೊಳಗೆ ರಕ್ತಸ್ರಾವ ಇರಬಹುದು, ರಕ್ತ ರೆಡಿ ಇಡಿ ಅಂದೆ. ಪಟ್ಟಣ ಮುಟ್ಟುವ ಹೊತ್ತಿಗೆ ಬಿಪಿಯ ಮೇಲಿನ ಅಂಕಿ 84.

ಸ್ಕ್ಯಾನ್‌ನಲ್ಲಿ ಸ್ಪ್ಲೀನ್ ಹರಿದಿರುವುದು ಕಾಣಿಸಿತು, ನೇರ ಆಪರೇಷನ್‌ಗೆ ತಗೊಂಡರು. ನಾನು ಸ್ಟ್ರೆಚರ್ ವಾಪಸ್ ತರಲು ಹೋದಾಗ ಥಿಯೇಟರ್ ಹೊರಗೆ ಅವನ ಗೆಳೆಯ ಸ್ಪ್ಲಿಂಟ್ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಎಕ್ಸ್‌ರೇಗೆ ಬಾ ಅಂತ ಸಿಸ್ಟರ್ ಎರಡು ಸಲ ಕರೆದರು. ಅವನು ಬಾಗಿಲು ಬಿಟ್ಟು ಕದಲಲಿಲ್ಲ.