‘ಬೇಕು’ ಮತ್ತು ‘ಸಾಕು’: ಆಪ್ತಸಮಾಲೋಚನಾ ಸಿದ್ಧಾಂತಗಳ ಮೇಲೆ ಸಂಶೋಧನಾ ಪ್ರಬಂಧ ಬರೆದ ಬಗೆ

ಆಪ್ತಸಮಾಲೋಚನಾ (ಕೌನ್ಸೆಲಿಂಗ್) ಸಿದ್ಧಾಂತಗಳ ಮೇಲಿನ ಪ್ರಬಂಧ ಕೆಡುವುದು ಬರವಣಿಗೆಯಲ್ಲಿ ಅಲ್ಲ, ಶೀರ್ಷಿಕೆ ಇಡುವಾಗಲೇ. ‘ರೋಜರ್ಸ್ ಮತ್ತು ಬೆಕ್: ಒಂದು ತೌಲನಿಕ ಅಧ್ಯಯನ’ ಎಂದು ಬರೆದುಕೊಂಡು ಕೂತರೆ ಆರು ಪುಟ ರೋಜರ್ಸ್, ಆರು ಪುಟ ಬೆಕ್, ಕೊನೆಗೆ ‘ಎರಡೂ ತಮ್ಮ ತಮ್ಮ ಜಾಗದಲ್ಲಿ ಮುಖ್ಯ’ ಎನ್ನುವ ಒಂದು ಪ್ಯಾರಾ. ಅದು ಪಠ್ಯಪುಸ್ತಕದ ಸಾರಾಂಶವೇ ಹೊರತು ಸಂಶೋಧನೆಯಲ್ಲ. ನಾನು ತೆಗೆದುಕೊಂಡದ್ದೂ ಇದೇ ಇಬ್ಬರನ್ನು: ಸಂಬಂಧಕ್ಕೇ ಒತ್ತು ಕೊಟ್ಟ ಮನೋವಿಜ್ಞಾನಿ ರೋಜರ್ಸ್, ಯೋಚನೆಗಳನ್ನು ಪರೀಕ್ಷಿಸುವ ಚಿಕಿತ್ಸೆ ಕಟ್ಟಿದ ಮನೋವೈದ್ಯ ಬೆಕ್. ಆದರೆ ಅವರು ಒಂದೇ ಪ್ರಶ್ನೆಗೆ ಎದುರುಬದುರಾಗಿ ಉತ್ತರ ಕೊಟ್ಟಿರುವ ಜಾಗವನ್ನು ಮೊದಲು ಹುಡುಕಿಕೊಂಡೆ.

ಆ ಜಾಗ ಸಿಕ್ಕಿದ್ದು ಎರಡು ಮೂಲ ಬರಹಗಳಲ್ಲಿ. ಕಾರ್ಲ್ ರೋಜರ್ಸ್ 1957ರ ಲೇಖನದಲ್ಲಿ ಆರು ಸ್ಥಿತಿಗಳನ್ನು ಹೇಳಿ, ಇವಿದ್ದರೆ ವ್ಯಕ್ತಿತ್ವದಲ್ಲಿ ಬದಲಾವಣೆ ಆಗುತ್ತದೆ, ಇವು ಬೇಕು ಮತ್ತು ಇವಿಷ್ಟೇ ಸಾಕು ಎಂದು ವಾದಿಸಿದರು. ಆರನ್ ಬೆಕ್ ಮೂವರು ಸಹೋದ್ಯೋಗಿಗಳೊಡನೆ 1979ರಲ್ಲಿ ತಂದ ಖಿನ್ನತೆಯ ಚಿಕಿತ್ಸಾ ಕೈಪಿಡಿ ಅದೇ ಮಾತನ್ನು ಎತ್ತಿಕೊಂಡು, ಆತ್ಮೀಯತೆ, ಪರಾನುಭೂತಿ (ಇನ್ನೊಬ್ಬರ ಅನುಭವವನ್ನು ಅವರ ಕಣ್ಣಿನಿಂದಲೇ ಅರಿಯುವುದು), ಪ್ರಾಮಾಣಿಕತೆ ಬೇಕು, ಆದರೆ ಅವಷ್ಟೇ ಸಾಲವು ಎನ್ನುತ್ತದೆ. ‘ಬೇಕು’ ಎನ್ನುವಲ್ಲಿ ಇಬ್ಬರಿಗೂ ಒಪ್ಪಿಗೆಯಿದೆ, ಜಗಳವೆಲ್ಲ ‘ಸಾಕು’ ಎಂಬ ಒಂದು ಪದದ ಮೇಲೆ. ಹಾಗಾಗಿ ಪ್ರಶ್ನೆ ಹೀಗೆ ನಿಂತಿತು: ಖಿನ್ನತೆಯಿರುವ ವಯಸ್ಕರೊಡನೆ ಕೆಲಸ ಮಾಡುವಾಗ ಸಮಾಲೋಚಕರ ಸಂಬಂಧವೊಂದೇ ಸಾಕೇ?

ಪ್ರಶ್ನೆಯನ್ನು ಒಪ್ಪಿಕೊಳ್ಳುವ ಮೊದಲು ಮೂರು ಪರೀಕ್ಷೆ ಮಾಡಿದೆ. ಹೌದು ಎಂದೂ ಇಲ್ಲ ಎಂದೂ ವಾದಿಸಲು ಬರುತ್ತದೆಯೇ? ಎರಡೂ ಕಡೆಯವರು ಸ್ವತಃ ಆ ಬಗ್ಗೆ ಬರೆದಿದ್ದಾರೆಯೇ? ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಪ್ರಯೋಗಗಳು ಇವೆಯೇ? ಮೂರನೆಯದು ಇಲ್ಲದಿದ್ದರೆ ಪ್ರಬಂಧ ಅಭಿಪ್ರಾಯದಲ್ಲೇ ನಿಂತುಬಿಡುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿ ಒಪ್ಪಿಸಬೇಕಾಗಿದ್ದರೂ ಪ್ರತಿ ವಾದವನ್ನು ಮೊದಲು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆದುಕೊಂಡೆ. ಕನ್ನಡದಲ್ಲಿ ಹೇಳಲು ತಡವರಿಸಿದ ಕಡೆಯೆಲ್ಲ ಇಂಗ್ಲಿಷಿನ ಪರಿಭಾಷೆ ಬಾಯಿಪಾಠವಾಗಿತ್ತು, ಅರ್ಥವಾಗಿರಲಿಲ್ಲ.

ಒಟ್ಟು 3,500 ಪದ, ಆರು ವಾರ. ಪ್ರಶ್ನೆಗೆ ಒಂದು ವಾರ, ಓದಿಗೆ ಎರಡು, ನೀಲನಕ್ಷೆಗೆ ಒಂದು, ಕರಡಿಗೆ ಒಂದು, ತಿದ್ದಲು ಒಂದು. ಪದಗಳನ್ನೂ ಮೊದಲೇ ಹಂಚಿದೆ: ಪೀಠಿಕೆ 350, ರೋಜರ್ಸ್ 700, ಬೆಕ್ 700, ಮುಖಾಮುಖಿ 900, ಭಾರತದ ಸಂದರ್ಭ 500, ಮಿತಿಗಳು ಮತ್ತು ತೀರ್ಮಾನ 350. ಮುಖಾಮುಖಿಯ ಭಾಗವೇ ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಈ ಹಂಚಿಕೆ ಇಲ್ಲದಿದ್ದರೆ ಸಿದ್ಧಾಂತಕಾರರ ಜೀವನಚರಿತ್ರೆಯೇ ಸಾವಿರ ಪದ ತಿಂದುಬಿಡುತ್ತದೆ. ರೋಜರ್ಸ್ ಎಲ್ಲಿ ಹುಟ್ಟಿದರು ಎನ್ನುವುದು ‘ಸಾಕೇ’ ಎಂಬ ಪ್ರಶ್ನೆಗೆ ಉತ್ತರವಲ್ಲ.

ಹುಡುಕಾಟದಲ್ಲಿ ಎರಡು ಸಣ್ಣ ಸಂಗತಿಗಳು ದೊಡ್ಡ ವ್ಯತ್ಯಾಸ ಮಾಡುತ್ತವೆ. ಕೌನ್ಸೆಲಿಂಗ್ ಪದವನ್ನು ಅಮೆರಿಕದವರು ಒಂದು ‘ಎಲ್’ ಹಾಕಿ ಬರೆದರೆ ಬ್ರಿಟಿಷರೂ ನಾವೂ ಎರಡು ಹಾಕುತ್ತೇವೆ. ಒಂದೇ ಕಾಗುಣಿತದಲ್ಲಿ ಹುಡುಕಿದರೆ ಅರ್ಧ ಸಾಹಿತ್ಯ ಕೈತಪ್ಪಬಹುದು. ‘ಕೌನ್ಸೆಲ್’ ತನಕ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಸಂಶೋಧನಾ ಲೇಖನಗಳನ್ನು ಹುಡುಕುವ ಸೈಕ್‌ಇನ್ಫೊ, ಪಬ್‌ಮೆಡ್ ಎಂಬ ದತ್ತಸಂಚಯಗಳೆರಡೂ ಎಲ್ಲ ರೂಪಗಳನ್ನು ತರುತ್ತವೆ. ಇನ್ನೊಂದು, ರೋಜರ್ಸ್ ಅವರ ಪದ್ಧತಿಯ ಹೆಸರು ಕಾಲಕಾಲಕ್ಕೆ ಬದಲಾಗಿದೆ. 1942ರ ಪುಸ್ತಕದಲ್ಲಿ ಅದು ನಾನ್‌ಡೈರೆಕ್ಟಿವ್ (ನಿರ್ದೇಶನ ಕೊಡದ), 1951ರಲ್ಲಿ ಕ್ಲೈಂಟ್ ಸೆಂಟರ್ಡ್ (ಕ್ಲೈಂಟ್ ಎಂದರೆ ಸಮಾಲೋಚನೆಗೆ ಬಂದವರು), ಆಮೇಲೆ ಪರ್ಸನ್ ಸೆಂಟರ್ಡ್, ಅಂದರೆ ವ್ಯಕ್ತಿಕೇಂದ್ರಿತ. ಮೂರೂ ಹೆಸರುಗಳಲ್ಲಿ ಹುಡುಕಬೇಕು. ಭಾರತದ ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಅಲ್ಲಿನ ಸಾಹಿತ್ಯ ಸಮೀಕ್ಷೆಗಳನ್ನು ದಾರಿ ತೋರಿಸುವ ಫಲಕದಂತೆ ಬಳಸಿದೆನೇ ಹೊರತು ಆಧಾರವಾಗಿ ಉಲ್ಲೇಖಿಸಲಿಲ್ಲ.

ಓದಿದ ಪ್ರತಿ ಬರಹಕ್ಕೂ ಒಂದು ಕಾರ್ಡ್. ಅದರಲ್ಲಿ ನಾಲ್ಕು ಭಾಗ: ವಾದ, ಅದಕ್ಕೆ ಕೊಟ್ಟ ಪುರಾವೆ, ಪುಟಸಂಖ್ಯೆ, ನನ್ನ ಸಂಶಯ. ಲೇಖಕರ ಮಾತನ್ನು ಹಾಗೆಯೇ ಎತ್ತಿದರೆ ಕಾರ್ಡಿನಲ್ಲೇ ಉದ್ಧರಣ ಚಿಹ್ನೆ ಹಾಕಿದೆ. ಕೃತಿಚೌರ್ಯ ಹೆಚ್ಚಿನ ಸಲ ದುರುದ್ದೇಶದಿಂದ ಆಗುವುದಿಲ್ಲ. ಮೂರು ವಾರದ ಹಿಂದಿನ ಟಿಪ್ಪಣಿಯಲ್ಲಿ ಯಾವುದು ತನ್ನ ವಾಕ್ಯ, ಯಾವುದು ಅವರದು ಎಂದು ಗೊತ್ತಾಗದೆ ಆಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬ ಧೈರ್ಯದಲ್ಲಿ ಕೆಲವರು ಇರುತ್ತಾರೆ. ಆ ಹತ್ತರಷ್ಟೂ ಒಂದೇ ಪ್ಯಾರಾದಲ್ಲಿ ಕೂತಿದ್ದರೆ ಓದಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಮೂಲ ಓದುವುದು ಯಾಕೆ ಅನಿವಾರ್ಯ ಎಂಬುದಕ್ಕೆ ರೋಜರ್ಸ್ ಲೇಖನವೇ ಸಾಕ್ಷಿ. ಪಠ್ಯಪುಸ್ತಕಗಳು ಮೂರು ಗುಣಗಳನ್ನು ಹೇಳಿ ಮುಗಿಸುತ್ತವೆ: ಒಳಗೂ ಹೊರಗೂ ಒಂದೇ ಆಗಿರುವುದು, ನಿಬಂಧನೆಯಿಲ್ಲದ ಆದರ, ಪರಾನುಭೂತಿ. ಇವು ಮೂರೂ ಸಮಾಲೋಚಕರ ಕಡೆಯವು. ಬಿಟ್ಟುಹೋಗುವ ಮೂರರಲ್ಲಿ ಒಂದು, ಇಬ್ಬರ ನಡುವೆ ಮಾನಸಿಕ ಸಂಪರ್ಕ ಇರುವುದು. ಇನ್ನೊಂದು, ಕ್ಲೈಂಟ್ ತನ್ನೊಳಗೆ ತಾನೇ ಹೊಂದದ ಸ್ಥಿತಿಯಲ್ಲಿ, ಆತಂಕದಲ್ಲಿ ಇರುವುದು. ಮತ್ತೊಂದು, ಪಟ್ಟಿಯಲ್ಲಿ ಆರನೆಯದು, ಆ ಆದರವೂ ಪರಾನುಭೂತಿಯೂ ಕ್ಲೈಂಟಿಗೆ ಸ್ವಲ್ಪವಾದರೂ ತಲುಪುವುದು. ಈ ಕೊನೆಯದನ್ನು ಬಿಟ್ಟರೆ ‘ಸಾಕು’ ಎಂಬ ವಾದ ಬಹಳ ಸಡಿಲವಾಗಿ ಕಾಣುತ್ತದೆ. ಅದನ್ನು ಸೇರಿಸಿಕೊಂಡರೆ ವಾದ ಬಿಗಿಯಾಗುತ್ತದೆ, ಟೀಕಿಸುವುದೂ ಕಷ್ಟವಾಗುತ್ತದೆ. ಎದುರಾಳಿಯ ವಾದವನ್ನು ಅದರ ಗಟ್ಟಿ ರೂಪದಲ್ಲಿ ಇಡದೆ ಅದನ್ನು ಮುರಿದೆ ಎಂದು ಬರೆಯುವುದು ನ್ಯಾಯವಲ್ಲ.

ಬೆಕ್ ಭಾಗದಲ್ಲಿ ಎಡವುವುದು ಬೇರೆ ಕಡೆ. ಇನ್ನೊಬ್ಬ ಚಿಕಿತ್ಸಕ ಆಲ್ಬರ್ಟ್ ಎಲ್ಲಿಸ್ ಅವರ ಎ-ಬಿ-ಸಿ ಮಾದರಿಯನ್ನು (ಘಟನೆ, ಅದರ ಬಗೆಗಿನ ನಂಬಿಕೆ, ಅದರಿಂದಾಗುವ ಪರಿಣಾಮ) ಬೆಕ್ ಹೆಸರಿಗೆ ಬರೆಯುವುದು ಸಾಮಾನ್ಯ ತಪ್ಪು. ಬೆಕ್ ಹೇಳುವುದು ತನ್ನ, ಲೋಕದ ಮತ್ತು ಭವಿಷ್ಯದ ಬಗೆಗಿನ ಕತ್ತಲೆಯ ನೋಟ, ತಾನೇ ತಾನಾಗಿ ಸುಳಿಯುವ ಯೋಚನೆಗಳು, ಅವನ್ನು ಇಬ್ಬರೂ ಕೂಡಿ ಪುರಾವೆಯಿಟ್ಟು ಪರೀಕ್ಷಿಸುವ ಕ್ರಮ. ಎಲ್ಲಿಸ್ ವಾದಿಸಿ ನಂಬಿಕೆಯನ್ನು ಕೆಡವುತ್ತಾರೆ, ಬೆಕ್ ಪ್ರಶ್ನೆ ಕೇಳಿ ಕ್ಲೈಂಟ್ ಕೈಯಲ್ಲೇ ಪರೀಕ್ಷೆ ಮಾಡಿಸುತ್ತಾರೆ. 1965ರ ಶಿಕ್ಷಣ ಚಿತ್ರದಲ್ಲಿ ಒಬ್ಬಳೇ ಮಹಿಳೆಯೊಡನೆ ಸರದಿಯಂತೆ ಮಾತನಾಡಿದವರು ರೋಜರ್ಸ್, ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಸ್ ಪರ್ಲ್ಸ್ ಮತ್ತು ಎಲ್ಲಿಸ್. ಅಲ್ಲಿ ಬೆಕ್ ಇಲ್ಲ. ಆದ್ದರಿಂದ ಅದನ್ನು ಬೆಕ್ ಪದ್ಧತಿಗೆ ಉದಾಹರಣೆಯಾಗಿ ಕೊಡಲಿಲ್ಲ. ಉದಾಹರಣೆಗೆ ನಾನು ಬಳಸಿದ್ದು ಪ್ರಕಟವಾದ ಪ್ರಕರಣಗಳನ್ನು ಮಾತ್ರ. ರೋಜರ್ಸ್ 1942ರಲ್ಲೇ ಒಂದು ಇಡೀ ಪ್ರಕರಣದ ಮಾತುಕತೆಯನ್ನು ಅಕ್ಷರಕ್ಕಿಳಿಸಿ ಅಚ್ಚು ಹಾಕಿದ್ದರು. ತರಬೇತಿಯಲ್ಲಿ ಎದುರಿಗೆ ಕೂತವರ ಬದುಕನ್ನು, ಹೆಸರು ಬದಲಿಸಿಯಾದರೂ, ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿ ಇಲ್ಲದೆ ಪ್ರಬಂಧಕ್ಕೆ ತರಬಾರದು. ಇದರಲ್ಲಿ ರಾಜಿಯಿಲ್ಲ.

ಮುಖಾಮುಖಿಯ ಭಾಗಕ್ಕೆ ಮೊದಲು ಏಳು ಸಾಲಿನ ಕೋಷ್ಟಕ ಮಾಡಿದೆ: ಮನುಷ್ಯನ ಕಲ್ಪನೆ, ಸಂಕಟದ ಕಾರಣ, ಸಮಾಲೋಚಕರ ಪಾತ್ರ, ಬದಲಾವಣೆ ಆಗುವ ಬಗೆ, ತಂತ್ರ, ಪುರಾವೆ, ಮಿತಿ. ಕೋಷ್ಟಕ ಯೋಚನೆಗೆ ಒಳ್ಳೆಯದು, ಬರಹಕ್ಕೆ ಅಪಾಯಕಾರಿ. ಅದನ್ನು ಸಾಲುಸಾಲಾಗಿ ಪ್ಯಾರಾ ಮಾಡಿದರೆ ‘ರೋಜರ್ಸ್ ಹೀಗೆ, ಬೆಕ್ ಹಾಗೆ’ ಎಂಬ ಉಯ್ಯಾಲೆ ಮಾತ್ರ ಉಳಿಯುತ್ತದೆ. ಪ್ರಶ್ನೆಗೆ ತಾಗುವ ಎರಡೇ ಸಾಲುಗಳನ್ನು, ಬದಲಾವಣೆ ಆಗುವ ಬಗೆ ಮತ್ತು ಪುರಾವೆಯನ್ನು, ಇಟ್ಟುಕೊಂಡು ಉಳಿದ ಐದನ್ನು ಬಿಟ್ಟೆ.

ಪುರಾವೆಗೆ ಆಧಾರವಾದವು ಮುಖ್ಯವಾಗಿ ಇಂಗ್ಲೆಂಡಿನ ಎರಡು ಪ್ರಯೋಗಗಳು. 2000ದಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಪ್ರಕಟವಾದ ಲಂಡನ್ ಮತ್ತು ಮ್ಯಾಂಚೆಸ್ಟರ್ ಅಧ್ಯಯನ 464 ಜನರನ್ನು ಒಳಗೊಂಡಿತ್ತು. ನಾನ್‌ಡೈರೆಕ್ಟಿವ್ ಸಮಾಲೋಚನೆ, ಸಿಬಿಟಿ (ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ, ಬೆಕ್ ಪದ್ಧತಿ ಸೇರುವ ಚಿಕಿತ್ಸೆ), ಕುಟುಂಬ ವೈದ್ಯರ ಎಂದಿನ ಆರೈಕೆ, ಈ ಮೂರರ ಹೋಲಿಕೆ ಅದು. ನಾಲ್ಕು ತಿಂಗಳಲ್ಲಿ ಮೊದಲೆರಡೂ ವೈದ್ಯರ ಆರೈಕೆಗಿಂತ ಮುಂದಿದ್ದವು, ಅವೆರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. 12 ತಿಂಗಳಿಗೆ ಮೂರೂ ಒಂದೇ ಮಟ್ಟಕ್ಕೆ ಬಂದಿದ್ದವು. ಅಳತೆಗೆ ಬಳಸಿದ್ದು ಬೆಕ್ ಅವರದೇ ಖಿನ್ನತಾ ಮಾಪಕ, ಇದನ್ನೂ ಪ್ರಬಂಧದಲ್ಲಿ ಹೇಳಿದೆ. 2021ರ ಶೆಫೀಲ್ಡ್ ಪ್ರಯೋಗದಲ್ಲಿ 510 ಜನ. ಆರು ತಿಂಗಳಲ್ಲಿ ವ್ಯಕ್ತಿಕೇಂದ್ರಿತ ಪದ್ಧತಿ ಸಿಬಿಟಿಗಿಂತ ಕಡಿಮೆಯೇನಲ್ಲ ಎಂದು ಕಂಡಿತು, 12 ತಿಂಗಳಲ್ಲಿ ಸಿಬಿಟಿ ಮುಂದಿತ್ತು. ಆದರೆ ಅಲ್ಲಿ ಪರೀಕ್ಷಿಸಿದ್ದು 1957ರ ಶುದ್ಧ ರೋಜರ್ಸ್ ಪದ್ಧತಿಯನ್ನಲ್ಲ, ಭಾವನೆಗಳ ಮೇಲೆ ಕೆಲಸ ಮಾಡುವ ಅಂಶಗಳೂ ಸೇರಿದ ರೂಪವನ್ನು. ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆಯೇ ತುಸು ತಿರುಗಿತು: ‘ಸಾಕೇ?’ ಎಂಬುದಕ್ಕಿಂತ ‘ಎಷ್ಟು ಕಾಲಕ್ಕೆ ಸಾಕು?’ ಎಂದು ಕೇಳುವುದು ಸರಿ. ಪೀಠಿಕೆಯನ್ನು ಆಗ ಮತ್ತೆ ಬರೆದೆ. ಪೀಠಿಕೆ ಕೊನೆಗೆ ಬರೆಯುವ ಭಾಗವೆಂದು ಎಣಿಸಿಕೊಳ್ಳುವುದೇ ಲೇಸು.

ಭಾರತದ ಭಾಗವನ್ನು ಬಾಲಂಗೋಚಿಯಂತೆ ಅಂಟಿಸಬಾರದು. ನಮ್ಮಲ್ಲಿ ಸಮಾಲೋಚನೆಗೆ ‘ಆಪ್ತಸಲಹೆ’ ಎಂಬ ಪದವೂ ಚಾಲ್ತಿಯಲ್ಲಿದೆ. ಸಲಹೆ ಕೊಡದಿರುವುದನ್ನೇ ತತ್ವ ಮಾಡಿಕೊಂಡ ರೋಜರ್ಸ್ ಪದ್ಧತಿಗೆ ಆ ಹೆಸರೇ ಎದುರು ನಿಲ್ಲುತ್ತದೆ. ‘ಏನು ಮಾಡಲಿ, ನೀವೇ ಹೇಳಿ’ ಎಂದು ಬಂದವರಿಗೆ ಮೌನದ ಆದರ ಆದರವಾಗಿಯೇ ತಲುಪುತ್ತದೆಯೇ? ಆರನೆಯ ಸ್ಥಿತಿ ಇಲ್ಲಿ ಮತ್ತೆ ಮುನ್ನೆಲೆಗೆ ಬಂತು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ಪರಿಶೀಲಿಸಿದ ಲೇಖನ ಈ ಚರ್ಚೆಗೆ ಬೆನ್ನೆಲುಬಾಯಿತು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಜನರೊಡನೆ ನಡೆದು 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗವನ್ನೂ ತಂದೆ. ವೃತ್ತಿ ಪದವಿಯಿಲ್ಲದ ಸ್ಥಳೀಯ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ಚಟುವಟಿಕೆ ಹೆಚ್ಚಿಸುವ ಚಿಕಿತ್ಸೆ ಕೊಟ್ಟು ಒಳ್ಳೆಯ ಫಲ ಪಡೆದರು. ಆದರೆ ಹೋಲಿಕೆ ಇದ್ದದ್ದು ಸುಧಾರಿತ ಸಾಮಾನ್ಯ ಆರೈಕೆಯೊಡನೆ, ರೋಜರ್ಸ್ ಪದ್ಧತಿಯೊಡನೆ ಅಲ್ಲ. ಹಾಗಾಗಿ ಅದು ‘ಸಾಕು’ ಪ್ರಶ್ನೆಯನ್ನು ತೀರಿಸುವುದಿಲ್ಲ, ತೀರಿಸಿತೆಂದು ಬರೆಯಲೂ ಬಾರದು.

ತಿದ್ದುವ ವಾರದಲ್ಲಿ ಉಲ್ಲೇಖಗಳನ್ನು ಬರೆಯುವ ಎಪಿಎ ಶೈಲಿಯ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನದು) ಏಳನೆಯ ಆವೃತ್ತಿಯ ನಿಯಮ ನೋಡಿಕೊಂಡೆ: ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲವೇ ‘ಮತ್ತಿತರರು’ ರೂಪ, 40 ಪದ ಅಥವಾ ಅದಕ್ಕೂ ಉದ್ದದ ಉದ್ಧರಣೆಗೆ ಪ್ರತ್ಯೇಕ ಒಳಸರಿದ ಪ್ಯಾರಾ. ಆಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ ಓದಿದೆ. ವಾದ ಸರಪಳಿಯಂತೆ ಸಾಗದ ಎರಡು ಕಡೆ ಪ್ಯಾರಾಗಳ ಜಾಗ ಬದಲಾಯಿತು, ಒಂದು ಪ್ಯಾರಾ ಹೊರಬಿತ್ತು. ಕೊನೆಯ ಕೆಲಸವಾಗಿ ಕರಡಿನಲ್ಲಿ ‘ಸಾಬೀತಾಗಿದೆ’ ಎಂಬರ್ಥದ ಪದ ಬಂದ ಪ್ರತಿ ಜಾಗವನ್ನು ಹುಡುಕಿ ತೆಗೆದು, ಎಷ್ಟು ಜನರಲ್ಲಿ, ಎಷ್ಟು ತಿಂಗಳಲ್ಲಿ, ಯಾವುದಕ್ಕೆ ಹೋಲಿಸಿ ಎಂದು ಬರೆದೆ.